ಅಧಿಕಾರವೆಂಬ ಅಮಾನತ್ತು: ಲೆಕ್ಕ ಕೇಳುವವರು ಯಾರು?



ವಕ್ಫ್ ಆಸ್ತಿಯ ವಿಚಾರ ನಿಮಗೆ ಹೊಸತಲ್ಲ. ದಾನಿಯೊಬ್ಬ ತನ್ನ ಆಸ್ತಿಯನ್ನು ಇಂಥ ಉದ್ದೇಶಕ್ಕೆಂದು ಬಿಟ್ಟುಕೊಡುತ್ತಾನೆ. ಅದನ್ನು ನೋಡಿಕೊಳ್ಳುವ ಮುತವಲ್ಲಿ ಅದರ ಒಡೆಯನಲ್ಲ, ಕೇವಲ ಕಾವಲುಗಾರ. ಆತ ಎಷ್ಟೇ ಸಮರ್ಥನಿರಲಿ, ಎಷ್ಟೇ ಸವಿಮಾತಿನವನಿರಲಿ, ಊರಿನವರು ಕೇಳಬೇಕಾದ ಪ್ರಶ್ನೆಗಳು ಎರಡೇ. ಈತನಿಂದ ಲೆಕ್ಕ ಕೇಳುವವರು ಯಾರು? ಲೆಕ್ಕ ಸರಿಯಿಲ್ಲದಿದ್ದರೆ ಈತನನ್ನು ಇಳಿಸುವ ಶಕ್ತಿ ಅವರಿಗಿದೆಯೇ?

ಇದೇ ಪ್ರಶ್ನೆಗಳನ್ನು ನಮ್ಮ ಕಾಲದ ಒಂದು ಬೃಹತ್ ಉದ್ಯಮಕ್ಕೆ ಕೇಳಿ ನೋಡೋಣ. ಅದು ಕೃತಕ ಬುದ್ಧಿಮತ್ತೆ, ಅಂದರೆ ಎಐ ಉದ್ಯಮ. ಮಕ್ಕಳು ಮನೆಪಾಠದ ಉತ್ತರವನ್ನು ಅದರಿಂದ ಪಡೆಯುತ್ತಾರೆ. ಅರ್ಜಿ ಬರೆಯಲು, ರೋಗದ ಲಕ್ಷಣ ತಿಳಿಯಲು, ಮನದ ದುಗುಡ ಹೇಳಿಕೊಳ್ಳಲು ಕೂಡ ದೊಡ್ಡವರು ಅದರ ಮೊರೆ ಹೋಗುತ್ತಿದ್ದಾರೆ. ಈ ಯಂತ್ರಗಳ ಹಿಂದೆ ಬೆರಳೆಣಿಕೆಯ ಮಂದಿ ಇದ್ದಾರೆ. ಅವರ ಕೈಗೆ ಇಷ್ಟು ಅಧಿಕಾರ ಬಂದದ್ದು ಹೇಗೆ? ಅದನ್ನು ಅವರು ಬಳಸುವ ಬಗೆ ಯಾವುದು? ಚಾಟ್‌ಜಿಪಿಟಿಯನ್ನು ಹೊರತಂದ ಓಪನ್‌ಎಐ ಸಂಸ್ಥೆಯ ಕಥೆಯಲ್ಲಿ ಇದಕ್ಕೆ ಬಹುಮಟ್ಟಿಗೆ ಉತ್ತರವಿದೆ.

ದಾನಸಂಸ್ಥೆಯಾಗಿ ಆರಂಭ

2015ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಓಪನ್‌ಎಐ ಆರಂಭವಾಯಿತು. ಅದು ಲಾಭ ಗಳಿಸುವ ಕಂಪೆನಿಯಾಗಿರಲಿಲ್ಲ, ದಾನದಿಂದ ನಡೆಯುವ ಸಂಸ್ಥೆಯಾಗಿತ್ತು. ಸ್ಯಾಮ್ ಆಲ್ಟ್‌ಮನ್ ಮತ್ತು ಇಲಾನ್ ಮಸ್ಕ್ ಅದರ ಸಹ ಅಧ್ಯಕ್ಷರಾಗಿದ್ದರು. ಲಾಭದ ಹಂಗಿಲ್ಲದೆ, ಇಡೀ ಮಾನವಕುಲದ ಹಿತಕ್ಕಾಗಿ ಕೃತಕ ಬುದ್ಧಿಮತ್ತೆಯನ್ನು ಬೆಳೆಸುವುದು ಅದರ ಘೋಷಿತ ಗುರಿ. 100 ಕೋಟಿ ಡಾಲರ್ ಕೊಡುವ ವಾಗ್ದಾನವೂ ದೊರೆಯಿತು. ಆದರೆ ದಾನವಾಗಿ ಕೈಸೇರಿದ್ದು 13 ಕೋಟಿ ಡಾಲರಿನಷ್ಟು ಮಾತ್ರವೆಂದು ಸಂಸ್ಥೆಯೇ ಮುಂದೆ ತಿಳಿಸಿತು.

ಇಂಥ ಯಂತ್ರವನ್ನು ತಯಾರಿಸಲು ಸಾವಿರಾರು ವಿಶೇಷ ಚಿಪ್‌ಗಳು ಬೇಕು. ಅವುಗಳನ್ನು ಹಗಲಿರುಳು ಓಡಿಸಲು ಅಪಾರ ವಿದ್ಯುತ್ ಬೇಕು. ದಾನದ ಹಣ ಅದಕ್ಕೆ ಸಾಲಲಿಲ್ಲ. 2018ರಲ್ಲಿ ಮಸ್ಕ್ ಆಡಳಿತ ಮಂಡಳಿಯಿಂದ ಹೊರಬಂದರು. 2019ರಲ್ಲಿ ದಾನಸಂಸ್ಥೆಯ ಅಧೀನದಲ್ಲಿಯೇ ಲಾಭ ಗಳಿಸುವ ಒಂದು ಅಂಗವನ್ನು ಸ್ಥಾಪಿಸಲಾಯಿತು. ಅದರ ಮೊದಲ ಹೂಡಿಕೆದಾರರಿಗೆ ಹಾಕಿದ ಹಣದ 100 ಪಟ್ಟಿನವರೆಗೆ ಲಾಭ ಪಡೆಯಲು ಅವಕಾಶವಿತ್ತು. ಅದೇ ವರ್ಷ ಮೈಕ್ರೋಸಾಫ್ಟ್ 100 ಕೋಟಿ ಡಾಲರ್ ಹೂಡಿತು. 2023ರಲ್ಲಿ ಅದು ಇನ್ನೂ 1,000 ಕೋಟಿ ಡಾಲರ್ ಹೂಡಲಿದೆಯೆಂದು ವರದಿಯಾಯಿತು. ಓಪನ್‌ಎಐನ ಯಂತ್ರಗಳು ಓಡುತ್ತಿದ್ದುದು ಕೂಡ ಮೈಕ್ರೋಸಾಫ್ಟ್‌ನ ಕಂಪ್ಯೂಟರ್ ಕೇಂದ್ರಗಳಲ್ಲಿ.

ಆದರೂ ಕಾಗದದ ಮೇಲೆ ಎಲ್ಲಕ್ಕಿಂತ ಮೇಲಿದ್ದುದು ದಾನಸಂಸ್ಥೆಯ ಆಡಳಿತ ಮಂಡಳಿಯೇ. ಮಂಡಳಿಯ ಹೊಣೆ ಹೂಡಿಕೆದಾರರಿಗಲ್ಲ, ಮಾನವಕುಲಕ್ಕೆ ಎಂದು ಬರೆಯಲಾಗಿತ್ತು. ಆಲ್ಟ್‌ಮನ್ ಕೂಡ ತನಗೆ ಈ ಕಂಪೆನಿಯಲ್ಲಿ ಷೇರು ಇಲ್ಲವೆಂದು 2023ರ ಮೇ ತಿಂಗಳಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಹೇಳಿದರು. ಮಂಡಳಿ ಬಯಸಿದರೆ ತನ್ನನ್ನು ಇಳಿಸಬಹುದು ಎಂಬುದು ಅವರು ಆಗಾಗ ಆಡುತ್ತಿದ್ದ ಮಾತು.

ಐದು ದಿನಗಳ ಪಾಠ

ಆ ಮಾತು ಪರೀಕ್ಷೆಗೆ ಒಳಗಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. 2023ರ ನವೆಂಬರ್ 17ರಂದು ಮಂಡಳಿಯು ಆಲ್ಟ್‌ಮನ್‌ರನ್ನು ಮುಖ್ಯಾಧಿಕಾರಿ ಸ್ಥಾನದಿಂದ ಇಳಿಸಿತು. ಅವರು ಮಂಡಳಿಯೊಂದಿಗೆ ಸದಾ ಮುಚ್ಚುಮರೆಯಿಲ್ಲದೆ ವ್ಯವಹರಿಸಲಿಲ್ಲ ಎಂಬುದು ಕೊಟ್ಟ ಕಾರಣ. ಆರು ಸದಸ್ಯರ ಮಂಡಳಿಯಲ್ಲಿ ನಾಲ್ವರು ಈ ನಿರ್ಧಾರ ಕೈಗೊಂಡಿದ್ದರು. ನಿಯಮದ ಪ್ರಕಾರ ಅದು ಅವರ ಹಕ್ಕಾಗಿತ್ತು.

ಮುಂದೆ ಏನಾಯಿತು? ಮೂರನೆಯ ದಿನ ಕಳೆಯುವಷ್ಟರಲ್ಲಿ ಮೈಕ್ರೋಸಾಫ್ಟ್‌ನ ಮುಖ್ಯಸ್ಥ, ನಮ್ಮ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲಾ, ಆಲ್ಟ್‌ಮನ್‌ರನ್ನು ತಮ್ಮ ಕಂಪೆನಿಗೆ ಸೇರಿಸಿಕೊಳ್ಳುವುದಾಗಿ ಪ್ರಕಟಿಸಿದರು. ಓಪನ್‌ಎಐನ ಸುಮಾರು 770 ನೌಕರರಲ್ಲಿ 700ಕ್ಕೂ ಹೆಚ್ಚು ಮಂದಿ ಒಂದು ಪತ್ರಕ್ಕೆ ಸಹಿ ಹಾಕಿದರು. ಆಲ್ಟ್‌ಮನ್ ಮರಳದಿದ್ದರೆ ತಾವೂ ಮೈಕ್ರೋಸಾಫ್ಟ್‌ಗೆ ಹೊರಟುಹೋಗಬಹುದು ಎಂಬುದು ಅದರ ತಾತ್ಪರ್ಯ. ನೌಕರರು ತಮ್ಮ ಷೇರುಗಳನ್ನು ಭಾರೀ ಬೆಲೆಗೆ ಮಾರಿಕೊಳ್ಳುವ ಅವಕಾಶವೊಂದು ಆಗ ಸಮೀಪದಲ್ಲಿತ್ತೆಂಬುದನ್ನೂ ಮರೆಯುವಂತಿಲ್ಲ. ಇಳಿಸಲು ಮತ ಹಾಕಿದ್ದ ಇಲ್ಯಾ ಸುಟ್ಸ್‌ಕೆವರ್ ಎಂಬ ವಿಜ್ಞಾನಿಯೇ ವಿಷಾದ ವ್ಯಕ್ತಪಡಿಸಿ ಆ ಪತ್ರಕ್ಕೆ ಸಹಿ ಹಾಕಿದರು. ಐದನೆಯ ದಿನ ಆಲ್ಟ್‌ಮನ್ ತಮ್ಮ ಕುರ್ಚಿಗೆ ಮರಳುವುದು ನಿರ್ಧಾರವಾಯಿತು. ಇಳಿಸಿದ ನಾಲ್ವರಲ್ಲಿ ಮೂವರು ಮಂಡಳಿಯಿಂದ ಹೊರಹೋದರು.

ಇಲ್ಲಿ ನ್ಯಾಯವಾಗಿ ಮಾತಾಡಬೇಕು. ಮಂಡಳಿಯೂ ತನ್ನ ಕಾರಣಗಳನ್ನು ಜನರ ಮುಂದೆ ಬಿಡಿಸಿ ಹೇಳಲಿಲ್ಲ. ಆ ಮೌನವೇ ಅದರ ಕೈಯನ್ನು ದುರ್ಬಲಗೊಳಿಸಿತು. ಮುಂದೆ ವಕೀಲರ ಸಂಸ್ಥೆಯೊಂದು ನಡೆಸಿದ ತನಿಖೆಯು, ಆಲ್ಟ್‌ಮನ್‌ರನ್ನು ಇಳಿಸಲೇಬೇಕಾದಂಥ ನಡತೆ ಕಂಡುಬಂದಿಲ್ಲವೆಂದು ಹೇಳಿತು. 2024ರ ಮಾರ್ಚ್‌ನಲ್ಲಿ ಅವರು ಮಂಡಳಿಗೂ ಮರಳಿದರು. ಯಾರು ಸರಿ, ಯಾರು ತಪ್ಪು ಎಂದು ತೀರ್ಪು ಕೊಡುವುದು ಈ ಪಾಠದ ಉದ್ದೇಶವಲ್ಲ. ನಾವು ಕಲಿಯಬೇಕಾದುದು ಬೇರೆಯೇ ಇದೆ. ಲೆಕ್ಕ ಕೇಳುವ ಹಕ್ಕು ಮಂಡಳಿಗಿತ್ತು. ಆದರೆ ಹಣ ಒಬ್ಬರ ಬಳಿ, ಯಂತ್ರ ಇನ್ನೊಬ್ಬರ ಬಳಿ, ಕೆಲಸಗಾರರ ನಿಷ್ಠೆ ಮತ್ತೊಬ್ಬರ ಬಳಿ ಇದ್ದಾಗ ಆ ಹಕ್ಕು ಐದು ದಿನವೂ ಬಾಳಲಿಲ್ಲ. ಷೇರಿಲ್ಲದ ಒಬ್ಬ ವ್ಯಕ್ತಿಯನ್ನು ಕಾಗದದ ಒಡೆಯರು ಕದಲಿಸಲಾರದೆ ಹೋದರು.

ಅಧಿಕಾರದ ನಾಲ್ಕು ಮೂಲಗಳು

ಈ ಒಂದು ಸಂಸ್ಥೆಯಿಂದ ಕಣ್ಣೆತ್ತಿ ಇಡೀ ಉದ್ಯಮವನ್ನು ನೋಡಿದರೆ ಅಧಿಕಾರ ಹರಿದು ಬರುವ ನಾಲ್ಕು ಮೂಲಗಳು ಗೋಚರಿಸುತ್ತವೆ.

ಒಂದು, ಯಂತ್ರ. ಎಐಗೆ ಬೇಕಾದ ಚಿಪ್‌ಗಳ ಮಾರುಕಟ್ಟೆಯಲ್ಲಿ ಎನ್‌ವಿಡಿಯಾ ಕಂಪೆನಿಯದ್ದೇ ಮೇಲುಗೈ. 1993ರಲ್ಲಿ ಜೆನ್ಸೆನ್ ಹುವಾಂಗ್ ಮತ್ತು ಇಬ್ಬರು ಗೆಳೆಯರು ಅದನ್ನು ಕಟ್ಟಿದರು. 2025ರ ಅಕ್ಟೋಬರ್‌ನಲ್ಲಿ ಅದರ ಷೇರುಗಳ ಒಟ್ಟು ಬೆಲೆ 5 ಲಕ್ಷ ಕೋಟಿ ಡಾಲರ್ ಮುಟ್ಟಿತು. ಜಗತ್ತಿನ ಯಾವ ಕಂಪೆನಿಯೂ ಅದಕ್ಕೆ ಮುಂಚೆ ಆ ಎತ್ತರಕ್ಕೆ ಏರಿರಲಿಲ್ಲ. ಓಪನ್‌ಎಐಯನ್ನು ತೊರೆದ ಡಾರಿಯೊ ಅಮೊಡೈ ಮತ್ತು ಸಂಗಡಿಗರು ಸುರಕ್ಷತೆಯೇ ಮುಖ್ಯವೆಂದು 2021ರಲ್ಲಿ ಆಂಥ್ರೋಪಿಕ್ ಸಂಸ್ಥೆಯನ್ನು ಸ್ಥಾಪಿಸಿದರು. ಅವರು ಕೂಡ ಯಂತ್ರಕ್ಕಾಗಿ, ಹಣಕ್ಕಾಗಿ ಅಮೆಜಾನ್ ಮತ್ತು ಗೂಗಲ್‌ಗಳ ಬಾಗಿಲಿಗೇ ಹೋಗಬೇಕಾಯಿತು.

ಎರಡು, ಮತ. ಫೇಸ್‌ಬುಕ್ ಮತ್ತು ವಾಟ್ಸ್‌ಆ್ಯಪ್‌ಗಳ ಒಡೆತನ ಹೊಂದಿರುವ ಮೆಟಾ ಕಂಪೆನಿಯಲ್ಲಿ ಎರಡು ಬಗೆಯ ಷೇರುಗಳಿವೆ. ಒಂದು ಬಗೆಗೆ ಒಂದು ಮತವಾದರೆ ಇನ್ನೊಂದು ಬಗೆಗೆ ಹತ್ತು ಮತ. ಹತ್ತು ಮತದ ಷೇರುಗಳು ಬಹುತೇಕ ಮಾರ್ಕ್ ಝುಕರ್‌ಬರ್ಗ್ ಕೈಯಲ್ಲಿರುವುದರಿಂದ ಅರ್ಧಕ್ಕಿಂತ ಹೆಚ್ಚು ಮತಗಳು ಅವರೊಬ್ಬರವೇ. ಉಳಿದ ಷೇರುದಾರರೆಲ್ಲ ಒಟ್ಟಾಗಿ ಬೇಡವೆಂದರೂ ಅವರು ಬೇಕೆಂದದ್ದು ನಡೆಯುತ್ತದೆ.

ಮೂರು, ಮೌನ. ಓಪನ್‌ಎಐ ಬಿಟ್ಟುಹೋಗುವ ನೌಕರರಿಂದ ಒಂದು ಕರಾರಿಗೆ ಸಹಿ ಕೇಳಲಾಗುತ್ತಿತ್ತು. ಸಂಸ್ಥೆಯ ವಿರುದ್ಧ ಮಾತಾಡಕೂಡದು, ಸಹಿ ಹಾಕದಿದ್ದರೆ ಗಳಿಸಿದ ಷೇರುಗಳನ್ನೂ ಕಳಕೊಳ್ಳಬೇಕಾದೀತು ಎಂಬ ಷರತ್ತು ಅದು. 2024ರ ಮೇ ತಿಂಗಳಲ್ಲಿ ಪತ್ರಿಕೆಗಳು ಇದನ್ನು ಹೊರಗೆಡಹಿದವು. ಆಲ್ಟ್‌ಮನ್ ಇದು ತನಗೆ ಗೊತ್ತಿರಲಿಲ್ಲವೆಂದರು, ನಾಚಿಕೆಪಟ್ಟರು, ಷರತ್ತನ್ನು ಕೈಬಿಡಲಾಯಿತು. ಯೋಚಿಸಿರಿ: ಒಳಗಿನ ತಪ್ಪನ್ನು ಬಲ್ಲವನ ಬಾಯಿಗೆ ಬೀಗ ಬಿದ್ದ ಮೇಲೆ ಹೊರಗಿನವನು ಲೆಕ್ಕ ಕೇಳುವುದಾದರೂ ಹೇಗೆ?

ನಾಲ್ಕು, ಮಾತು. ಈ ನಾಯಕರು ಜನರಿಗೆ ಎರಡು ಸಂಗತಿಗಳನ್ನು ಒಟ್ಟಿಗೇ ಹೇಳುತ್ತಾರೆ. ಈ ಯಂತ್ರ ಎಲ್ಲ ಕಷ್ಟಗಳನ್ನೂ ನೀಗಿಸಬಲ್ಲದು ಎಂಬುದು ಒಂದು. ಇದು ಮಹಾ ಅಪಾಯಕಾರಿಯೂ ಹೌದು ಎಂಬುದು ಇನ್ನೊಂದು. ಎರಡರಿಂದಲೂ ಹೊರಡುವ ತೀರ್ಮಾನ ಮಾತ್ರ ಒಂದೇ: ಇದನ್ನು ನಮ್ಮ ಕೈಗೇ ಒಪ್ಪಿಸಿರಿ. ಭರವಸೆ ಹಣವನ್ನು ತರುತ್ತದೆ, ಭಯ ಗೌರವವನ್ನು ತರುತ್ತದೆ.

ಸರಕಾರದ ಅಂಗಳದಲ್ಲಿ

2023ರಲ್ಲಿ ಸೆನೆಟ್ ಸಮಿತಿಯ ಮುಂದೆ ಆಲ್ಟ್‌ಮನ್, ಶಕ್ತಿಶಾಲಿ ಎಐಗಳಿಗೆ ಪರವಾನಗಿ ನೀಡುವ ಸರಕಾರಿ ಸಂಸ್ಥೆಯೊಂದು ಬೇಕೆಂದು ಸೂಚಿಸಿದ್ದರು. 2024ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಸುರಕ್ಷತೆಯ ಮಸೂದೆಯೊಂದನ್ನು ತಂದಾಗ ಓಪನ್‌ಎಐ ಅದನ್ನು ವಿರೋಧಿಸಿತು. ಇಂಥ ನಿಯಮ ರಾಜ್ಯದಿಂದಲ್ಲ, ಕೇಂದ್ರದಿಂದ ಬರಬೇಕೆಂಬುದು ಅದರ ವಾದ. ರಾಜ್ಯಪಾಲರು ಆ ಮಸೂದೆಯನ್ನು ತಿರಸ್ಕರಿಸಿದರು. 2025ರ ಮೇ ತಿಂಗಳಲ್ಲಿ ಮತ್ತೆ ಸೆನೆಟ್ ಮುಂದೆ ಬಂದ ಆಲ್ಟ್‌ಮನ್, ಎಐಯನ್ನು ಬಿಡುಗಡೆ ಮಾಡುವ ಮುನ್ನ ಸರಕಾರದ ಒಪ್ಪಿಗೆ ಪಡೆಯಬೇಕೆಂಬ ನಿಯಮ ಅನಾಹುತಕಾರಿಯೆಂದರು. ಎರಡೇ ವರ್ಷಗಳಲ್ಲಿ ಮಾತು ಹೀಗೆ ಬದಲಾಯಿತು.

ಈ ನಡುವೆ 2025ರ ಜನವರಿ 21ರಂದು ಅಮೆರಿಕದ ಅಧ್ಯಕ್ಷರ ಶ್ವೇತಭವನದಲ್ಲಿಯೇ, ಅಧ್ಯಕ್ಷ ಟ್ರಂಪ್‌ರ ಪಕ್ಕದಲ್ಲಿ ನಿಂತು ಹೊಸ ಯೋಜನೆಯೊಂದನ್ನು ಪ್ರಕಟಿಸಲಾಯಿತು. ನಾಲ್ಕು ವರ್ಷಗಳಲ್ಲಿ 50,000 ಕೋಟಿ ಡಾಲರ್‌ವರೆಗೆ ಕಂಪ್ಯೂಟರ್ ಕೇಂದ್ರಗಳಿಗೆ ಹೂಡುವ ಯೋಜನೆಯದು. ನಿಯಮಕ್ಕೆ ಒಳಪಡಬೇಕಾದವರೂ ನಿಯಮ ಮಾಡಬೇಕಾದವರೂ ಒಂದೇ ವೇದಿಕೆಯಲ್ಲಿ ಪಾಲುದಾರರಂತೆ ನಿಂತರೆ ಬಡವನ ಅಹವಾಲು ಕೇಳುವವರು ಯಾರು?

ಬಡವನೆಂದೆವಲ್ಲ, ಆತನೂ ಈ ಕಥೆಯಲ್ಲಿದ್ದಾನೆ. ಚಾಟ್‌ಜಿಪಿಟಿ ಸಭ್ಯವಾಗಿ ಮಾತಾಡಬೇಕಾದರೆ ಹೊಲಸು ಯಾವುದು, ಹಿಂಸೆ ಯಾವುದು ಎಂದು ಯಾರಾದರೂ ಓದಿ ಗುರುತು ಹಾಕಬೇಕಿತ್ತು. ಆ ಕೆಲಸವನ್ನು ಗುತ್ತಿಗೆಯ ಮೂಲಕ ಕೆನ್ಯಾದ ಕೆಲಸಗಾರರಿಂದ ಮಾಡಿಸಲಾಯಿತು. ಗಂಟೆಗೆ ಅವರ ಕೈಗೆ ಬಂದದ್ದು 2 ಡಾಲರಿಗಿಂತಲೂ ಕಡಿಮೆಯೆಂದು ಟೈಮ್ ಪತ್ರಿಕೆ 2023ರ ಜನವರಿಯಲ್ಲಿ ಬರೆಯಿತು. ಅತ್ಯಂತ ಅಸಹ್ಯವಾದುದನ್ನು ದಿನವಿಡೀ ಓದಿದ ಆ ಮನಸ್ಸುಗಳ ನೋವು ಯಾವ ಕಂಪೆನಿಯ ಲೆಕ್ಕದ ಪುಸ್ತಕದಲ್ಲಿಯೂ ಕಾಣಸಿಗದು.

ದಾನಸಂಸ್ಥೆಯ ಗತಿ ಏನಾಯಿತು?

2024ರಲ್ಲಿ ಮಸ್ಕ್, ಮೂಲ ಉದ್ದೇಶಕ್ಕೆ ದ್ರೋಹವಾಗಿದೆಯೆಂದು ಮೊಕದ್ದಮೆ ಹೂಡಿದರು. ಆದರೆ ಅಷ್ಟರಲ್ಲಿ ಅವರು ತಮ್ಮದೇ ಎಐ ಕಂಪೆನಿಯನ್ನು ಕಟ್ಟಿಕೊಂಡಿದ್ದರು. 2025ರ ಫೆಬ್ರವರಿಯಲ್ಲಿ ಅವರ ಬಳಗ 9,740 ಕೋಟಿ ಡಾಲರಿಗೆ ಓಪನ್‌ಎಐಯನ್ನು ಕೊಳ್ಳಲು ಮುಂದಾದಾಗ ಮಂಡಳಿ ನಿರಾಕರಿಸಿತು. 2025ರ ಅಕ್ಟೋಬರ್‌ನಲ್ಲಿ ಎರಡು ರಾಜ್ಯಗಳ ಅಟಾರ್ನಿ ಜನರಲ್‌ಗಳ ಜೊತೆ ಮಾತುಕತೆಯಾದ ಬಳಿಕ ಹೊಸ ವ್ಯವಸ್ಥೆ ಜಾರಿಗೆ ಬಂತು. ದಾನಸಂಸ್ಥೆಗೆ ಸುಮಾರು ಶೇ. 26, ಮೈಕ್ರೋಸಾಫ್ಟ್‌ಗೆ ಸುಮಾರು ಶೇ. 27, ಉಳಿದುದು ನೌಕರರಿಗೆ ಮತ್ತು ಇತರ ಹೂಡಿಕೆದಾರರಿಗೆ. ಲಾಭದ ಹಳೆಯ ಮಿತಿಯೂ ಹೋಯಿತು. ಮಂಡಳಿಯನ್ನು ನೇಮಿಸುವ ಅಧಿಕಾರ ದಾನಸಂಸ್ಥೆಯಲ್ಲಿ ಉಳಿದಿದೆ, ನಿಜ. ಆದರೆ ಅಂಥ ಅಧಿಕಾರದ ಬೆಲೆ ಎಷ್ಟೆಂಬುದನ್ನು ಆ ಐದು ದಿನಗಳೇ ತೋರಿಸಿಕೊಟ್ಟಿವೆ.

ನಮ್ಮ ಮನೆಬಾಗಿಲಿಗೆ

ಇದು ಸಾಗರದಾಚೆಯ ಸಿರಿವಂತರ ಜಗಳ, ನಮಗೇನು ಎಂದು ನೀವು ಕೇಳಬಹುದು. 2025ರಲ್ಲಿ ನಮ್ಮ ದೇಶದಲ್ಲಿ ನಡೆದುದನ್ನು ನೋಡಿರಿ. ಏರ್‌ಟೆಲ್ ತನ್ನ ಗ್ರಾಹಕರಿಗೆ ಪರ್ಪ್ಲೆಕ್ಸಿಟಿಯನ್ನು ಒಂದು ವರ್ಷ ಉಚಿತವಾಗಿ ಕೊಟ್ಟಿತು. ಜಿಯೋ ಗೂಗಲ್‌ನ ಜೆಮಿನಿಯನ್ನು 18 ತಿಂಗಳು ಕೊಡುವುದಾಗಿ ಹೇಳಿತು. ತಿಂಗಳಿಗೆ 399 ರೂಪಾಯಿಯ ಚಾಟ್‌ಜಿಪಿಟಿ ಯೋಜನೆಯನ್ನು ಓಪನ್‌ಎಐ ನವೆಂಬರ್‌ನಿಂದ ಒಂದು ವರ್ಷ ಪುಕ್ಕಟೆ ಮಾಡಿತು. ಇದಕ್ಕೆ ದಾನವೆಂದು ಹೆಸರಿಡಬೇಡಿರಿ. ಬಳಕೆ ಅಭ್ಯಾಸವಾಗುತ್ತದೆ, ಅಭ್ಯಾಸ ಅವಲಂಬನೆಯಾಗುತ್ತದೆ. ಅವಲಂಬಿಸಿದವನಿಂದ ನಾಳೆ ಬೆಲೆ ಕೇಳುವುದು ಸುಲಭ. ಕೋಟ್ಯಂತರ ಮಂದಿಯ ಪ್ರಶ್ನೆಗಳು, ಭಾಷೆ, ಚಿಂತೆಗಳು ಈಗಲೇ ಅವರ ಭಂಡಾರ ಸೇರುತ್ತಿವೆ.

ಹಾಗೆಂದು ಈ ಸಾಧನವನ್ನು ಮುಟ್ಟಲೇಬಾರದೆಂದು ನಾವು ಹೇಳುವುದಿಲ್ಲ. ಹಳ್ಳಿಯ ಹುಡುಗಿಯೊಬ್ಬಳು ಅದರಿಂದ ಗಣಿತ ಕಲಿತರೆ ಅದು ಒಳಿತೇ ಸರಿ. ಆದರೆ ಬಳಸುವಾಗ ಎಚ್ಚರವಿರಲಿ. ಮನೆಯ ಗುಟ್ಟು, ಹೆಣ್ಣುಮಕ್ಕಳ ಭಾವಚಿತ್ರ, ಬ್ಯಾಂಕಿನ ವಿವರ ಅದಕ್ಕೆ ಒಪ್ಪಿಸಬೇಡಿರಿ. ನಮ್ಮ ಸಂಭಾಷಣೆಯನ್ನು ಯಂತ್ರದ ಕಲಿಕೆಗೆ ಬಳಸದಂತೆ ತಡೆಯುವ ಆಯ್ಕೆ ಚಾಟ್‌ಜಿಪಿಟಿಯ ಸೆಟ್ಟಿಂಗ್ಸ್‌ನಲ್ಲಿದೆ, ಮಕ್ಕಳಿಂದ ಕೇಳಿ ಅದನ್ನು ಬಳಸಿರಿ. ಅದು ಕೊಟ್ಟ ಉತ್ತರವನ್ನು ಬಲ್ಲವರಲ್ಲಿ ವಿಚಾರಿಸಿರಿ. ಖಾಸಗಿ ಮಾಹಿತಿಯ ರಕ್ಷಣೆಗಾಗಿ ನಮ್ಮ ಸಂಸತ್ತು 2023ರಲ್ಲಿ ಕಾಯ್ದೆಯೊಂದನ್ನು ಅಂಗೀಕರಿಸಿದೆ. ಅದು ಬರೇ ಕಾಗದವಾಗಿ ಉಳಿಯದಂತೆ ನಿಮ್ಮ ಜನಪ್ರತಿನಿಧಿಗಳನ್ನು ಕೇಳಿರಿ.

ಯಾರ ಮನದಾಳವನ್ನೂ ನಾವು ಬಗೆದು ನೋಡಲಾರೆವು. ಒಳ್ಳೆಯ ಉದ್ದೇಶದಿಂದಲೇ ಹೊರಟವರೂ ಇವರಲ್ಲಿ ಇದ್ದಿರಬಹುದು. ಆದರೆ ಅಮಾನತ್ತನ್ನು ಕಾಯುವುದು ಬರೇ ಉದ್ದೇಶದಿಂದ ಆಗುವ ಕೆಲಸವಲ್ಲ. ಕೊಟ್ಟ ಮಾತಿಗೆ ಸಾಕ್ಷಿಗಳಿರಬೇಕು, ಲೆಕ್ಕ ತೆರೆದಿರಬೇಕು, ಕೇಳುವವನ ಕೈಗೆ ಬಲವಿರಬೇಕು. ಇದು ಆ ದೊಡ್ಡವರಿಗೆ ಮಾತ್ರ ಅನ್ವಯಿಸುವ ಮಾತಲ್ಲ. ಮಸೀದಿಯ ಸಮಿತಿಗೆ, ಶಾಲೆಯ ಆಡಳಿತಕ್ಕೆ, ಸಹಕಾರಿ ಸಂಘಕ್ಕೆ, ಮನೆಯ ಯಜಮಾನನಿಗೆ ಕೂಡ ಇದೇ ಅಳತೆ. ನಮ್ಮ ಕೈಗೆ ಒಪ್ಪಿಸಲ್ಪಟ್ಟ ಚಿಕ್ಕ ಹೊಣೆಯ ಲೆಕ್ಕವನ್ನು ನಾವು ಯಾರಾದರೂ ಕೇಳುವ ಮೊದಲೇ ಮುಂದಿಡಲು ಕಲಿತರೆ, ದೊಡ್ಡವರಿಂದ ಲೆಕ್ಕ ಕೇಳುವ ನಾಲಿಗೆಗೆ ತೂಕ ಬರುತ್ತದೆ.