ಕುದುರೆಮುಖ ಹತ್ತುವ ಮುನ್ನ

ಕುದುರೆಮುಖದ ನೆತ್ತಿ ಸುಮಾರು 1,890 ಮೀಟರ್ ಎತ್ತರದಲ್ಲಿದೆ. ಚಾರಣ ಶುರುವಾಗುವ ಮುಳ್ಳೋಡಿ ಎಂಬ ಊರಿನಿಂದ ಹೋಗಿಬರಲು ಇಡೀ ದಿನ ಬೇಕು. ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದುಕೊಳ್ಳಿ, ಬೆಳಕು ಹರಿಯುತ್ತಲೇ ಹೊರಡಿ.

ಜೊತೆಗೆ ಬರುವ ಗೈಡ್ ಸಾಮಾನ್ಯವಾಗಿ ಅದೇ ಊರಿನವರು. ಅವರನ್ನು ದಾಟಿ ಮುಂದೆ ಓಡಬೇಡಿ. ಮೇಲಿನ ಹುಲ್ಲುಗಾವಲಿನಲ್ಲಿ ಮಂಜು ಕವಿದರೆ ಹತ್ತು ಹೆಜ್ಜೆ ಮುಂದಿನ ದಾರಿಯೂ ಕಾಣುವುದಿಲ್ಲ. "ಇನ್ನು ಸಾಕು, ಇಳಿಯೋಣ" ಎಂದು ಅವರು ಹೇಳಿದರೆ, ನೆತ್ತಿ ಕಣ್ಣೆದುರಿಗೇ ಇದ್ದರೂ ದಯವಿಟ್ಟು ಹಿಂದಿರುಗಿ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ.

ಮಳೆಗಾಲದಲ್ಲಿ ಇಂಬಳ ಹತ್ತುವುದು ಖಚಿತ. ಗಾಬರಿಯಾಗಬೇಡಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಬಿಡಿಸಿದ ಮೇಲೂ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ, ಅಷ್ಟೇ. ಉದ್ದ ಕಾಲುಚೀಲ ಹಾಕಿ, ಪ್ಯಾಂಟಿನ ತುದಿಯನ್ನು ಅದರೊಳಗೆ ಸೇರಿಸಿ. ಹೊಸ ಬೂಟು ಮಾತ್ರ ಬೇಡ, ಇಳಿಜಾರಿನಲ್ಲಿ ಬೆರಳುಗಳಲ್ಲಿ ಬೊಬ್ಬೆ ಏಳುತ್ತವೆ.

ನಿಜವಾದ ಕಷ್ಟ ಇರುವುದು ಇಳಿಯುವಾಗ. ದಣಿದ ಮೊಣಕಾಲಿಗೆ ಒಂದು ಊರುಗೋಲು ದೊಡ್ಡ ಆಸರೆ. ಬುತ್ತಿಯಲ್ಲಿ ಚಿತ್ರಾನ್ನವೋ ಚಪಾತಿಯೋ ಇರಲಿ, ಎರಡು ಲೀಟರ್ ನೀರಿರಲಿ. ಖಾಲಿ ಪೊಟ್ಟಣಗಳೆಲ್ಲ ನಿಮ್ಮ ಚೀಲದಲ್ಲೇ ಕೆಳಗಿಳಿಯಲಿ. ಈ ಬೆಟ್ಟದ ಮಡಿಲಿನ ಶೋಲಾ ಕಾಡಿನ ತೊರೆಗಳ ನೀರನ್ನೇ ಕೆಳಗಿನ ಊರುಗಳು ಕುಡಿಯುತ್ತವೆ.