ಮೊದಲು ಇಂದಿನ ಕೆಸರು ಓದಿ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಾಲೇಜುಗಳಲ್ಲಿ ವಿಜ್ಞಾನ ಓದುತ್ತಿರುವ ಮಕ್ಕಳೇ, ಡಯಾಟಮ್ ಪಳೆಯುಳಿಕೆಯಿಂದ ಕಡಲ ಹಳೆಯ ಕೆಸರಿನ ವಯಸ್ಸು ತಿಳಿಯಬಹುದು ಎಂದು ಪುಸ್ತಕದಲ್ಲಿ ಓದಿರುತ್ತೀರಿ. ನಮ್ಮ ಪಂಚಗಂಗಾವಳಿ ಹೊಳೆಯ ಕೆಸರಿನಲ್ಲೂ ನೋಡೋಣ ಎಂಬ ಆಸೆ ಹುಟ್ಟಿದರೆ ಬಹಳ ಒಳ್ಳೆಯದು. ಆದರೆ ಆ ಕೆಸರನ್ನು ಏನು ಕೇಳಬಹುದು, ಏನು ಕೇಳಬಾರದು ಎಂಬುದು ಮೊದಲು ಗೊತ್ತಿರಲಿ.

ಡಯಾಟಮ್ ಒಂದೇ ಜೀವಕೋಶದ ಪಾಚಿ. ಅದರ ಮೈಮೇಲೆ ಸಿಲಿಕಾದ ಕವಚ. ಡಬ್ಬಿ ಮತ್ತು ಮುಚ್ಚಳದ ಹಾಗೆ ಒಂದರೊಳಗೊಂದು ಕೂರುವ ಎರಡು ಹೋಳು. ಜೀವ ಹೋದ ಮೇಲೆ ಕವಚ ತಳಕ್ಕಿಳಿಯುತ್ತದೆ. ಅದರ ಮೇಲಿನ ಗೆರೆ, ಚುಕ್ಕಿ ನೋಡಿ ಜಾತಿ ಹೇಳಬಹುದು. ಮಲ್ಪೆಯಾಚೆ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳು ಸುಮಾರು 9 ಕೋಟಿ ವರ್ಷ ಹಿಂದಿನವು; ಅವು ಲಾವಾ ಆರಿ ಕಲ್ಲಾಗುವ ಹೊತ್ತಿಗೆ ಡಯಾಟಮ್‌ಗಳು ಆಗಲೇ ಕಡಲಲ್ಲಿದ್ದವು.

ಆಳಸಮುದ್ರದಲ್ಲಿ ಅವು ನಿಜಕ್ಕೂ ಕಾಲ ಹೇಳುತ್ತವೆ. 1968ರಲ್ಲಿ ಗ್ಲೋಮಾರ್ ಚಾಲೆಂಜರ್ ಹಡಗು ಸಾಗರತಳ ಕೊರೆಯಲು ಹೊರಟ ಮೇಲೆ ಈ ವಿದ್ಯೆ ವೇಗವಾಗಿ ಬೆಳೆಯಿತು. ಒಂದು ಜಾತಿ ಯಾವ ಪದರದಲ್ಲಿ ಮೊದಲು ಕಾಣಿಸಿತು, ಯಾವುದರಲ್ಲಿ ಕೊನೆಗೊಂಡಿತು ಎಂದು ಗುರುತಿಸಿ, ಭೂಮಿಯ ಕಾಂತಧ್ರುವಗಳು ಅದಲುಬದಲಾದ ಕಾಲದೊಂದಿಗೆ ವಿಜ್ಞಾನಿಗಳು ತಾಳೆ ನೋಡಿದರು. ದಕ್ಷಿಣ ಮಹಾಸಾಗರದಲ್ಲಿ ಹೆಮಿಡಿಸ್ಕಸ್ ಕಾರ್ಸ್ಟೆನಿ ಎಂಬ ಜಾತಿ ಸುಮಾರು 1.9 ಲಕ್ಷ ವರ್ಷ ಹಿಂದೆ ಅಳಿಯಿತು. ಅಲ್ಲಿನ ಒಂದು ಪದರದಲ್ಲಿ ಅದು ಹೇರಳವಾಗಿ ಸಿಕ್ಕಿದರೆ ಆ ಪದರ ಆ ಕಾಲಕ್ಕಿಂತ ಹಳೆಯದು.

ಆದರೆ ಪಂಚಗಂಗಾವಳಿ ಕಡಲು ಸೇರುವ ಗಂಗೊಳ್ಳಿಯ ಅಳಿವೆಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಸುಮಾರು 20 ಸಾವಿರ ವರ್ಷ ಹಿಂದೆ ಕಡಲಿನ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ದಂಡೆ ಎಷ್ಟೋ ದೂರ ಪಡುವಣಕ್ಕಿತ್ತು. ನೀರು ಏರುತ್ತ ಬಂದು ಇಂದಿನ ಮಟ್ಟದ ಹತ್ತಿರ ನಿಂತದ್ದು ಆರೇಳು ಸಾವಿರ ವರ್ಷಗಳಿಂದೀಚೆಗೆ. ಇಷ್ಟು ಕಡಿಮೆ ಕಾಲದಲ್ಲಿ ಡಯಾಟಮ್ ಜಾತಿಗಳು ಬದಲಾಗಿಲ್ಲ. ಹಾಗಾಗಿ ವಯಸ್ಸನ್ನು ಅದೇ ಪದರದ ಮರದ ಚೂರಿನಿಂದಲೋ ಚಿಪ್ಪಿನಿಂದಲೋ ರೇಡಿಯೋಕಾರ್ಬನ್ ವಿಧಾನದಲ್ಲಿ ತಿಳಿಯಬೇಕು. ಕಡಲ ಚಿಪ್ಪಿನಲ್ಲಿ ಹಳೆಯ ಇಂಗಾಲ ಸೇರಿರುತ್ತದೆ, ಅದಕ್ಕೆ ತಿದ್ದುಪಡಿಯೂ ಬೇಕು. ಡಯಾಟಮ್ ಇಲ್ಲಿ ಹೇಳುವುದು ನೀರಿನ ಗುಣ: ಆಗ ಇಲ್ಲಿದ್ದದ್ದು ಸಿಹಿನೀರೋ, ಸವಳೋ, ಕಡಲೋ. ಉಪ್ಪುನೀರು ಬಾವಿಗೆ ನುಗ್ಗುವ ನಮ್ಮ ಊರುಗಳಿಗೆ ಇದು ಸಣ್ಣ ವಿಷಯವಲ್ಲ.

ನಮ್ಮ ಕರಾವಳಿಯ ಕೆಸರು ಮಾತಾಡುತ್ತದೆ ಎಂಬುದಕ್ಕೆ ಕಾರವಾರ ಸಾಕ್ಷಿ. ಅಲ್ಲಿನ ಕಡಲ ಕೆಸರಿನ ಪರಾಗ ಪರೀಕ್ಷಿಸಿ, ಸುಮಾರು 3,500 ವರ್ಷಗಳಿಂದೀಚೆಗೆ ಹವೆಯ ತೇವ ಕಡಿಮೆಯಾಯಿತು ಎಂದು ಕ್ಲಾಡ್ ಕರಟಿನಿ ಮತ್ತು ಸಂಗಡಿಗರು 1994ರಲ್ಲಿ ಬರೆದರು. ಘಟ್ಟದ ಮೇಲಿನ ಸಿಹಿನೀರಿನ ಡಯಾಟಮ್‌ಗಳನ್ನು ಎಚ್. ಪಿ. ಗಾಂಧಿಯವರು ಒಂದೊಂದಾಗಿ ಚಿತ್ರ ಬರೆದು ದಾಖಲಿಸಿದ್ದಾರೆ. ಸಾಗರ ಊರಿನದು 1959ರಲ್ಲಿ, ಜೋಗದ್ದು 1970ರಲ್ಲಿ ಪ್ರಕಟವಾಯಿತು. ನಮ್ಮ ಹೊಳೆಗಳು ಕೆಳಗೆ ತರುವುದೂ ಘಟ್ಟದ ನೀರನ್ನೇ. ಅವರ ಚಿತ್ರಗಳನ್ನು ಹುಡುಕಿ ನೋಡಿ. ದುಡ್ಡಿಲ್ಲದ ಕಾಲೇಜಿಗೂ ಅಷ್ಟು ಸಾಧ್ಯ.

ಈಗ ನನ್ನ ಮುಖ್ಯ ಮಾತು. ಕೊರೆಯುವ ಮೊದಲು ಜೀವಂತ ಕೆಸರು ಕಲಿಯಿರಿ. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ ಮೇಲೆ ಬೇಸಗೆಯಲ್ಲಿ ಅದರ ಮೇಲ್ಭಾಗದ ಕೆಸರು ಒಂದು ಚಮಚ, ಕೆಳಭಾಗದ್ದು ಒಂದು ಚಮಚ ತನ್ನಿ. ನೀರಿನ ಉಪ್ಪಿನಂಶ ಅಳೆದು ಬರೆಯಿರಿ. ಆಸಾಡಿ ಮಳೆಯಲ್ಲಿ ಅದೇ ಜಾಗಕ್ಕೆ ಮತ್ತೆ ಹೋಗಿ. ಸೀತಾ, ಸ್ವರ್ಣಾ ಸೇರುವ ಕೋಡಿಬೆಂಗ್ರೆಯಲ್ಲೂ, ಮರವಂತೆಯಲ್ಲಿ ಸೌಪರ್ಣಿಕೆಯ ದಡದಲ್ಲೂ ಹೀಗೇ ಮಾಡಿ. ಮಳೆಗಾಲದಲ್ಲಿ ಸಿಹಿಯಾಗಿ ಬೇಸಗೆಯಲ್ಲಿ ಉಪ್ಪಾಗುವ ಹೊಳೆ ನಮ್ಮದು. ಒಂದೇ ಸೆಂಟಿಮೀಟರ್ ಕೆಸರಿನಲ್ಲಿ ಹಲವು ವರ್ಷಗಳ ಎರಡೂ ಬಗೆಯ ಕವಚಗಳು ಬೆರೆತಿರುತ್ತವೆ. ಸಿಹಿನೀರಿನ ಡಯಾಟಮ್ ಔಲಕೋಸೈರಾ ಜೊತೆ ಕಡಲಿನ ಕಾಸಿನೋಡಿಸ್ಕಸ್ ಕಂಡರೆ ಗಾಬರಿಪಡಬೇಡಿ. ಮೊದಲನೆಯದನ್ನು ಹೊಳೆ ತಂದಿರಬಹುದು, ಎರಡನೆಯದನ್ನು ಉಬ್ಬರ. ಒಂದೇ ಜಾತಿಯನ್ನು ನಂಬಿ ತೀರ್ಮಾನಕ್ಕೆ ಬರಬೇಡಿ. ಪ್ರತಿ ಮಾದರಿಯಲ್ಲಿ ಕನಿಷ್ಠ 300 ಹೋಳು ಎಣಿಸಿ. ಎಷ್ಟು ಮುರಿದಿವೆ, ಎಷ್ಟು ಸವೆದಿವೆ ಎಂಬುದನ್ನೂ ಬರೆಯಿರಿ. ಕಡಲ ನೀರು ಸಿಲಿಕಾವನ್ನು ಕರಗಿಸುತ್ತದೆ. ತೆಳು ಕವಚ ಮೊದಲು ಹೋಗುತ್ತದೆ, ದಪ್ಪದ್ದು ಉಳಿಯುತ್ತದೆ. ಉಳಿದವನ್ನು ಮಾತ್ರ ಕಂಡು ಇದ್ದದ್ದು ಇಷ್ಟೇ ಎನ್ನುವುದು ಸರಿಯಲ್ಲ.

ಜಾಗದ ಆಯ್ಕೆಯೂ ಮುಖ್ಯ. ಮರಳು ತೆಗೆದ ಕಡೆ ಪದರಗಳು ಕಲಸಿಹೋಗಿರುತ್ತವೆ. ಕಾಂಡ್ಲಾ ಮರಗಳ ಬುಡದಲ್ಲಿ ಕೆಸರು ನೆಮ್ಮದಿಯಾಗಿ ಕೂರುತ್ತದೆ ನಿಜ, ಆದರೆ ಏಡಿಗಳ ಬಿಲ ಮೇಲಿನದನ್ನು ಕೆಳಗೆ ತಂದಿರುತ್ತದೆ. ಕೆಸರು ತೊಳೆಯಲು ಬೇಕಾದ ಹೈಡ್ರೋಜನ್ ಪೆರಾಕ್ಸೈಡ್, ಹೈಡ್ರೋಕ್ಲೋರಿಕ್ ಆಮ್ಲವನ್ನು ಮೇಷ್ಟ್ರು ಪಕ್ಕದಲ್ಲಿಲ್ಲದೆ ಮುಟ್ಟಲೇಬೇಡಿ.

ಕಣ್ಣಿಗೆ ಕಾಣದ ಜೀವಕ್ಕೆ ಇಷ್ಟೇಕೆ ಎಂದು ಮನೆಯಲ್ಲಿ ಕೇಳಿದರೆ ಬೈಗೆ ಮೀನಿನ ಮಾತು ಹೇಳಿ. ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಡಯಾಟಮ್ ಹೇರಳವಾಗಿದ್ದರೆ ಬೈಗೆಯೂ ಹೇರಳ ಎಂಬ ನಂಟನ್ನು ಪಶ್ಚಿಮ ಕರಾವಳಿಯ ಸಂಶೋಧಕರು 1955ರಲ್ಲೇ ಬರೆದಿದ್ದಾರೆ. ಮೀನುಗಾರರ ಮನೆಯ ಮಕ್ಕಳು ಈ ವಿದ್ಯೆಗೆ ಬರಬೇಕೆಂಬುದು ನನ್ನ ದೊಡ್ಡ ಆಸೆ. ನೀರಿನ ಬಣ್ಣ, ಉಬ್ಬರದ ಹೊತ್ತು, ಕೆಸರಿನ ವಾಸನೆ ಅವರಿಗೆ ಯಾರೂ ಕಲಿಸಬೇಕಾಗಿಲ್ಲ.

ಕೊರೆಯುವ ಯಂತ್ರವಿಲ್ಲ ಎಂದು ಕೈಕಟ್ಟಿ ಕೂರಬೇಡಿ. ಸೇತುವೆಗೆ, ಕಟ್ಟಡಕ್ಕೆ ನೆಲ ಕೊರೆಯುವಾಗ, ಹೊಳೆಬದಿಯಲ್ಲಿ ಬಾವಿ ತೋಡುವಾಗ ಚಿಪ್ಪು ಬೆರೆತ ಕಪ್ಪು ಜೇಡಿಮಣ್ಣು ಮೇಲೆ ಬಂದರೆ ಅದನ್ನು ಎಲ್ಲೋ ಸುರಿದುಬಿಡುತ್ತಾರೆ. ಕೆಲಸದವರನ್ನು ಕೇಳಿ ಒಂದು ಮುಷ್ಟಿ ತೆಗೆದುಕೊಳ್ಳಿ. ಜಾಗ, ಆಳ, ತಾರೀಕು ಬರೆದ ಚೀಟಿ ಹಾಕಿ, ಗಟ್ಟಿಯಾಗಿ ಕಟ್ಟಿ, ನಿಮ್ಮ ಕಾಲೇಜಿನ ಪ್ರಯೋಗಾಲಯಕ್ಕೆ ಈ ಬೇಸಗೆಯಲ್ಲೇ ತಂದುಕೊಡಿ.