ನಾಲ್ಕು ಗೆಳೆಯರ ಕಥೆಯಲ್ಲಿ ಧೈರ್ಯ ಯಾರದು?

(ಮಹಿಳಾ ಸಂಘ, ಯುವಕ ಸಂಘ ಮತ್ತು ಅಂಗನವಾಡಿಗಳಲ್ಲಿ ಓದಿ ಚರ್ಚಿಸಲು ಒಂದು ಪಾಠ)



ಬೆಳೆಯ ಅರ್ಧ ಹಣೆಬರಹ ಬಿತ್ತನೆಯ ದಿನವೇ ತೀರ್ಮಾನವಾಗಿರುತ್ತದೆಂಬುದನ್ನು ನೀವೆಲ್ಲ ಬಲ್ಲಿರಿ. ಕೆಂಪು ಕೊಳೆ ತಗುಲಿದ ಕಬ್ಬಿನ ತುಂಡನ್ನು ತಿಳಿದವರು ಯಾರೂ ಸಾಲಿಗೆ ಇಡುವುದಿಲ್ಲ. ಮಕ್ಕಳ ಮನಸ್ಸಿನ ಬಿತ್ತನೆಯೆಂದರೆ ರಾತ್ರಿ ಮಲಗುವ ಮುನ್ನ ನಾವು ಹೇಳುವ ಕಥೆ. ಆ ತುಂಡನ್ನೂ ಒಮ್ಮೆ ತಿರುಗಿಸಿ ನೋಡುವುದು ಒಳ್ಳೆಯದು. ಈ ಸಲ ಒಂದೇ ಒಂದು ಕಥೆಯನ್ನು ವಿಚಾರ ಮಾಡೋಣ.

ಕಥೆ

ಇದು ಪಂಚತಂತ್ರದ್ದು. ಕಾಗೆ, ಇಲಿ, ಆಮೆ, ಜಿಂಕೆ ಸ್ನೇಹದಿಂದ ಇದ್ದವು. ಒಂದು ದಿನ ಜಿಂಕೆ ಹೊತ್ತಾದರೂ ಬರಲಿಲ್ಲ. ಕಾಗೆ ಹಾರಿ ಹೋಗಿ ಹುಡುಕಿತು. ಜಿಂಕೆ ಬೇಡನ ಬಲೆಯಲ್ಲಿ ಸಿಕ್ಕಿತ್ತು. ಕಾಗೆ ಹಿಂದಕ್ಕೆ ಬಂದು ಇಲಿಯನ್ನು ಹೊತ್ತುಕೊಂಡು ಹೋಯಿತು. ಇಲಿ ಬಲೆಯನ್ನು ಕಡಿಯಿತು. ಅಷ್ಟರಲ್ಲಿ ಮನಸ್ಸು ತಡೆಯದೆ ಆಮೆಯೂ ತೆವಳುತ್ತ ಅಲ್ಲಿಗೆ ಬಂದಿತ್ತು. ಬೇಡ ಬಂದಾಗ ಮಿಕ್ಕವು ತಪ್ಪಿಸಿಕೊಂಡವು, ಆಮೆ ಸಿಕ್ಕಿಬಿತ್ತು. ಬೇಡ ಅದನ್ನು ಕಟ್ಟಿ ಹೊತ್ತು ನಡೆದ. ಆಗ ಗೆಳೆಯರು ಒಂದು ಉಪಾಯ ಹೂಡಿದರು. ನೀರಿನ ಬಳಿ ಜಿಂಕೆ ಸತ್ತಂತೆ ಬಿದ್ದುಕೊಂಡಿತು. ಕಾಗೆ ಅದರ ಮೇಲೆ ಕೂತು ಕಣ್ಣು ಕುಕ್ಕುವಂತೆ ನಟಿಸಿತು. ಬೇಡ ಆಮೆಯನ್ನು ಕೆಳಗಿಟ್ಟು ಜಿಂಕೆಯ ಕಡೆ ಹೊರಟ. ಇಲಿ ಆಮೆಯ ಕಟ್ಟನ್ನು ಕಡಿಯಿತು. ಆಮೆ ನೀರಿಗಿಳಿಯಿತು, ಜಿಂಕೆ ಚಂಗನೆ ಓಡಿತು.

ವಿಚಾರ

ಸಂಸ್ಕೃತದಲ್ಲಿ ಈ ನಾಲ್ವರಿಗೆ ಲಘುಪತನಕ, ಹಿರಣ್ಯಕ, ಮಂಥರಕ, ಚಿತ್ರಾಂಗ ಎಂದು ಹೆಸರು. ನಾಲ್ಕೂ ಗಂಡು ಹೆಸರುಗಳೇ. ಆದರೆ ನಮ್ಮ ಕನ್ನಡದಲ್ಲಿ ಪ್ರಾಣಿಗಳನ್ನು ಕುರಿತು 'ಬಂತು', 'ಹೋಯಿತು' ಎನ್ನುತ್ತೇವೆ. ಭಾಷೆ ಅವನ್ನು ಗಂಡೆಂದೂ ಹೇಳುವುದಿಲ್ಲ, ಹೆಣ್ಣೆಂದೂ ಹೇಳುವುದಿಲ್ಲ. ಅದನ್ನು ಸೇರಿಸುವವರು ಕಥೆ ಹೇಳುವ ನಾವು.

ಹೇಗೆ ಸೇರಿಸುತ್ತೇವೆ, ನೋಡಿ. ಕಾಗಕ್ಕ ಗುಬ್ಬಕ್ಕನ ಕಥೆ ಎಲ್ಲರಿಗೂ ಗೊತ್ತು. ಅಲ್ಲಿ ಮನೆ, ಮಳೆ, ಮಗುವಿನ ಸ್ನಾನ, ಅಡಿಗೆ ಇವೆ. ಕಾಗೆ ಅಲ್ಲಿ 'ಅಕ್ಕ'. ಅದೇ ಕಾಗೆ ಬಲೆಯಲ್ಲಿ ಸಿಕ್ಕಿದ ಗೆಳೆಯನನ್ನು ಹುಡುಕಲು ಹಾರಿದೊಡನೆ 'ಕಾಗಣ್ಣ' ಆಗುತ್ತದೆ. ಇಲಿ 'ಇಲಿರಾಯ' ಆಗುತ್ತದೆ. ಒಲೆಯ ಮುಂದೆ ಅಕ್ಕ, ಅಪಾಯದ ಮುಂದೆ ಅಣ್ಣ. ಹೀಗೆಂದು ನಾವು ಬಾಯಿಬಿಟ್ಟು ಕಲಿಸುವುದಿಲ್ಲ, ಆದರೂ ಮಗು ಕಲಿಯುತ್ತದೆ.

ಇನ್ನು ಈ ಕಥೆಯಲ್ಲಿರುವ ಧೈರ್ಯ ಎಂಥದು? ಕಾಗೆಯದು ಹೋಗಿ ನೋಡುವ ಧೈರ್ಯ. ಇಲಿಯದು ಬೇಡ ಹತ್ತಿರವಿದ್ದರೂ ಕೈಹಿಡಿದ ಕೆಲಸವನ್ನು ಬಿಡದ ಧೈರ್ಯ. ಆಮೆಯದು ತನಗೆ ಓಡಲಾಗದೆಂದು ತಿಳಿದೂ ಗೆಳೆಯನಿಗಾಗಿ ಬಂದ ಧೈರ್ಯ. ಜಿಂಕೆಯದು ಎಲ್ಲಕ್ಕಿಂತ ಕಷ್ಟದ್ದು: ತನ್ನನ್ನು ಕೊಲ್ಲಬಲ್ಲವನು ಹತ್ತಿರ ಬರುವವರೆಗೆ ಅಲುಗಾಡದೆ ಮಲಗಿರುವುದು. ಇವುಗಳಲ್ಲಿ ಯಾವುದಕ್ಕೆ ಮೀಸೆ ಬೇಕು? ಧೈರ್ಯಕ್ಕೆ ನಮ್ಮಲ್ಲಿ 'ಗಂಡೆದೆ' ಎಂಬ ಮಾತೂ ಇದೆ, 'ಎಂಟೆದೆ' ಎಂಬ ಮಾತೂ ಇದೆ. ಎಂಟೆದೆಗೆ ಗಂಡು ಹೆಣ್ಣೆಂಬ ಭೇದವಿಲ್ಲ.

ನಮ್ಮ ಸೀಮೆಯದೇ ಒಂದು ಸಂಗತಿ ಕೇಳಿ. ೧೮೯೪ರಲ್ಲಿ ಮಹಾರಾಜರು ತೀರಿಕೊಂಡಾಗ ಮಗನಿಗೆ ಹತ್ತೇ ವರ್ಷ. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ೧೮೯೫ರಿಂದ ೧೯೦೨ರವರೆಗೆ ಮೈಸೂರು ರಾಜ್ಯಭಾರವನ್ನು ವಹಿಸಿದರು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ೧೯೦೨ರಲ್ಲಿ ವಿದ್ಯುತ್ ಹರಿದುದು ಅವರ ಆಡಳಿತದಲ್ಲಿಯೇ.

ಇದರಿಂದ ನಮಗೇನು?

ಕಥೆಯ ಮಾತಿಗೆ ಇಷ್ಟೇಕೆ ತಲೆಕೆಡಿಸಿಕೊಳ್ಳಬೇಕೆಂದು ಕೆಲವರು ಕೇಳಬಹುದು. ೨೦೨೩ರ ಕೊನೆಯಲ್ಲಿ ಬೆಂಗಳೂರಿನ ಪೊಲೀಸರು ಹೆಣ್ಣು ಭ್ರೂಣ ಹತ್ಯೆಯ ಜಾಲವೊಂದನ್ನು ಹಿಡಿದರು. ಮಂಡ್ಯದ ಕಡೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ನೋಡುತ್ತಿದ್ದ ಸಂಗತಿ ಆಗ ಹೊರಬಿತ್ತು. ಹಾಗೆ ನೋಡಿ ಹೇಳುವುದನ್ನು ೧೯೯೪ರ ಕಾಯಿದೆಯೇ ನಿಷೇಧಿಸಿದೆ. ಬೆಲ್ಲ ಕಾಯಿಸುವ ಮನೆಯಲ್ಲಿ ಇಂಥ ಕೆಲಸ ನಡೆದದ್ದು ನಮ್ಮ ಜಿಲ್ಲೆಗೆಲ್ಲ ನಾಚಿಕೆ. ದುಡ್ಡಿನಾಸೆ ಒಂದು ಕಾರಣ, ನಿಜ. ಆದರೆ ಕೇಳಿಕೊಂಡು ಹೋಗುವವರಿಲ್ಲದೆ ಆ ದಂಧೆ ನಡೆಯಲಾರದು. 'ಗಂಡಾದರೆ ಆಸರೆ, ಹೆಣ್ಣಾದರೆ ಹೊರೆ' ಎಂಬ ಎಣಿಕೆ ಅವರ ಮನಸ್ಸಿನಲ್ಲಿ ಎಳೆತನದಿಂದಲೇ ಬೇರುಬಿಟ್ಟಿರುತ್ತದೆ.

ಈ ಎಣಿಕೆಯಿಂದ ಗಂಡುಮಕ್ಕಳಿಗೂ ಕೇಡಿದೆ. ಹೆದರಿದ ಹುಡುಗನಿಗೆ 'ಬಳೆ ತೊಟ್ಟುಕೋ ಹೋಗು' ಎನ್ನುತ್ತೇವೆ. ಈಜು ಬಾರದ ಹುಡುಗ ತುಂಬಿ ಹರಿಯುವ ವಿಶ್ವೇಶ್ವರಯ್ಯ ನಾಲೆಗೆ ಧುಮುಕುವುದು ಇಂಥ ಮಾತಿಗೇ. 'ನನಗೆ ಈಜು ಬಾರದು, ನಾನು ಇಳಿಯುವುದಿಲ್ಲ' ಎಂದು ಗೆಳೆಯರ ಮುಂದೆ ಹೇಳುವುದಕ್ಕೂ ಎದೆ ಬೇಕು.

ಹಿರಿಯರ ಕಥೆಯನ್ನು ತಿದ್ದಬಹುದೇ ಎಂಬ ಸಂಶಯ ಬೇಡ. ಪಂಚತಂತ್ರವನ್ನು ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿಯೇ ಕನ್ನಡಕ್ಕೆ ತಂದನು. ಅಂದಿನಿಂದ ಹೇಳುವವರ ಬಾಯಲ್ಲಿ ಕಥೆ ಬದಲಾಗುತ್ತಲೇ ಬಂದಿದೆ. ನಡೆದ ಸಂಗತಿಯನ್ನು ಬದಲಿಸಬೇಕಿಲ್ಲ. ಒಂದು ರಾತ್ರಿ 'ಇಲಿಯಕ್ಕ ಬಲೆ ಕಡಿದಳು' ಎನ್ನಿ. ಇನ್ನೊಂದು ರಾತ್ರಿ 'ಆಮೆಯಣ್ಣನಿಗೆ ಹೆದರಿಕೆಯಾಯಿತು, ಆದರೂ ಬಂದ' ಎನ್ನಿ. ಅಷ್ಟು ಸಾಕು.

ಗೆಳೆತನದ ಪಾಠವನ್ನು ಮಕ್ಕಳು ಶಾಲೆಯಲ್ಲಿಯೇ ನಡೆಸಬಹುದು. ಜೊತೆಯ ಹುಡುಗಿ ಕೆಲವು ದಿನಗಳಿಂದ ಶಾಲೆಗೆ ಬಂದಿಲ್ಲ, ಮದುವೆಯ ಮಾತು ನಡೆದಿದೆಯೆಂದು ತಿಳಿದರೆ, ಕಾಗೆಯಂತೆ ಹೋಗಿ ನೋಡಿ ಬರಲಿ, ಬಂದು ಮೇಷ್ಟರಿಗೋ ಅಂಗನವಾಡಿಯ ಅಕ್ಕನಿಗೋ ಹೇಳಲಿ. ೨೦೦೬ರ ಕಾಯಿದೆಯಂತೆ ಹದಿನೆಂಟು ತುಂಬದ ಹುಡುಗಿಯ ಮದುವೆ ಅಪರಾಧ. ಮಕ್ಕಳ ಸಹಾಯವಾಣಿಯ ಸಂಖ್ಯೆ ೧೦೯೮.

ಅಭ್ಯಾಸ

೧. ಕಥೆಯನ್ನು ಹೆಸರಿಲ್ಲದೆ ಹೇಳಿ, ನಾಲ್ಕು ಪ್ರಾಣಿಗಳಿಗೂ ಮಕ್ಕಳಿಂದಲೇ ಹೆಸರಿಡಿಸಿರಿ. ಎಷ್ಟು ಹೆಣ್ಣು ಹೆಸರು ಬಂದುವು? ಏಕೆ?

೨. ನಾಲ್ವರಲ್ಲಿ ಒಬ್ಬರು ಇಲ್ಲದಿದ್ದರೆ ಕಥೆ ಏನಾಗುತ್ತಿತ್ತು?

೩. ಹುಡುಗಿಯರು ಬೇಡನ ಪಾತ್ರವನ್ನೂ, ಹುಡುಗರು ಹೆದರಿದ ಜಿಂಕೆಯ ಪಾತ್ರವನ್ನೂ ವಹಿಸಿ ಆಡಲಿ.

೪. ದೊಡ್ಡವರಿಗೆ: ನಿಮ್ಮ ಮನೆಯಲ್ಲಿ ಕಷ್ಟ ಬಂದಾಗ ಬಲೆ ಕಡಿದವರು ಯಾರು? ಅವರ ಕಥೆಯನ್ನು ಮಕ್ಕಳಿಗೆ ಹೇಳಿದ್ದೀರಾ?